ಕ್ಯಾನ್ಸಾಸ್ ಸಿಟಿಯ ಸಸ್ಯಾಹಾರಿ ಡ್ರಮ್ಮರ್

ಕಳೆದ ತಿಂಗಳು ತೀರಿಕೊಂಡ ಅವರ ಬಾಯಲ್ಲಿ, ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಕಟ್ಟಿಸಿದವು. ಅಲ್ಲಿದ್ದ ನಿಜವಾದ ಹಲ್ಲುಗಳನ್ನು ಮುರಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರ ಬಗ್ಗೆ ಏನು ಬರೆಯಲು ಕೂತರೂ ಕೈ ಮತ್ತೆ ಅಲ್ಲಿಗೇ ಹೋಗುತ್ತದೆ. ಅವರು ಟ್ರಂಪೆಟ್ ನುಡಿಸುತ್ತಿದ್ದರು. ಟ್ರಂಪೆಟ್ ನುಡಿಸುವವನಿಗೆ ಮುಂದಿನ ಹಲ್ಲು ಎಂದರೆ ಟೈಪಿಸ್ಟಿಗೆ ಬೆರಳಿದ್ದ ಹಾಗೆ.

ಅವರ ಹೆಸರು ಬರೆಯುವುದಿಲ್ಲ. ನನ್ನ ಹೆಸರನ್ನು ಅವರು ಏಳು ವರ್ಷ ಎಲ್ಲೂ ಹೇಳಲಿಲ್ಲ. ನಾವೆಲ್ಲ ಅವರನ್ನು ಮಾಸ್ಟರ್ ಎನ್ನುತ್ತಿದ್ದೆವು, ಇಲ್ಲಿಯೂ ಹಾಗೆಯೇ ಇರಲಿ.

ನಾನು ವಿಮಾ ಕಂಪನಿಯಲ್ಲಿ ಗುಮಾಸ್ತ. ಮನೆ ವೆಸ್ಟ್ ಮಾಂಬಲಂನಲ್ಲಿ. ಅಜ್ಜನ ಕಾಲದಲ್ಲಿ ಮದ್ರಾಸಿಗೆ ಬಂದ ಮಾಧ್ವರ ಮನೆತನ ನಮ್ಮದು. ಇಲ್ಲಿಯವರಿಗೆ ನಾವೆಲ್ಲ 'ರಾಯರ್'. ಹುಡುಗನಾಗಿದ್ದಾಗ ಹತ್ತು ವರ್ಷ ಮೃದಂಗ ಕಲಿತೆ. ಸಂಗೀತ ಕಚೇರಿಗಳಿಗೆ ಕರೆಯುವವರಿಲ್ಲದೆ ಮದುವೆ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ಹಿಡಿದೆ. ತೊಂಬತ್ತರ ದಶಕದ ಕೊನೆಯಲ್ಲಿ, ಮೌಂಟ್ ರೋಡಿನ ಒಂದು ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಜಾಝ್ ನುಡಿಸುತ್ತಿದ್ದ ಬ್ಯಾಂಡಿನ ಡ್ರಮ್ಮರ್ ದುಬೈಗೆ ಹೊರಟುಹೋದ. ಆ ಜಾಗಕ್ಕೆ ಯಾರೋ ನನ್ನನ್ನು ಕಳಿಸಿದರು.

ಅಭ್ಯಾಸ ನಡೆಯುತ್ತಿದ್ದದ್ದು ಶನಿವಾರ ಮಧ್ಯಾಹ್ನ, ತ್ರಿಪ್ಲಿಕೇನಿನ ಒಂದು ಲಾಡ್ಜಿನ ತಾರಸಿಯ ಮೇಲಿನ ತಗಡಿನ ಶೆಡ್ಡಿನಲ್ಲಿ. ಬೇಸ್ ಗಿಟಾರ್ ನುಡಿಸುವ ಬಾಯ್ ಆ ಲಾಡ್ಜಿನ ಮ್ಯಾನೇಜರ್; ಬಾಯ್ ಎಂದರೆ ಭಾಯಿ, ಮದ್ರಾಸಿನಲ್ಲಿ ಸಾಬರನ್ನು ಕರೆಯುವುದೇ ಹಾಗೆ. ನಾನು ಮೆಟ್ಟಿಲು ಹತ್ತಿ ಬಂದಾಗ ಮಾಸ್ಟರ್ ಒಂದು ಕಾಲನ್ನು ಬಕೆಟ್ಟಿನ ಮೇಲಿಟ್ಟು ನಿಂತಿದ್ದರು. ಎತ್ತರದ ಆಳು. ಮೂಗು ಒಮ್ಮೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ನನ್ನ ಹಣೆಯ ಅಂಗಾರ, ಅಕ್ಷತೆ ನೋಡಿದರು.

"ಬಾಯ್, ಇವನ್ಯಾರು? ಡ್ರಮ್ಮರ್ ಕೇಳಿದ್ರೆ ತಿಥಿ ಮಾಡ್ಸೋನ್ನ ಕಳ್ಸಿದಾರೆ."

ಕನ್ನಡದಲ್ಲೇ ಹೇಳಿದರು. ನನಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದರು.

"ಅದೂ ಮಾಡಿಸ್ತೀನಿ," ಎಂದೆ. "ಮೊದಲು ಯಾರದ್ದು ಅಂತ ಹೇಳಿ."

ಅವರು ನನ್ನ ಬೆನ್ನಿಗೆ ಒಂದು ಬಿಟ್ಟರು. ಅದು ಅವರ ನಗು. ಒಬ್ಬರೇ ನಗುವುದು ಅವರಿಗೆ ಬರುತ್ತಿರಲಿಲ್ಲ, ಪಕ್ಕದವನ ಬೆನ್ನು ಬೇಕಿತ್ತು.

ಅವರು ಕೋಲಾರದ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ನರು. ಹೆಂಡತಿಯೂ ಅಲ್ಲಿಯವರೇ. ಇಬ್ಬರೂ ಬೈಯುವುದಕ್ಕೆ ಕನ್ನಡ, ಲೆಕ್ಕಕ್ಕೆ ತಮಿಳು, ಪ್ರಾರ್ಥನೆಗೆ ಇಂಗ್ಲಿಷ್ ಬಳಸುತ್ತಿದ್ದರು. ಮಾಸ್ಟರರ ತಂದೆ ಗಣಿಯೊಳಗೆ ಬಂಡೆ ಸಿಡಿಸುವ ಕೆಲಸದಲ್ಲಿದ್ದವರು. ಎಂಟು ಬತ್ತಿ ಹಚ್ಚಿ ಓಡಿ ಬಂದರೆ, ದೂರದಲ್ಲಿ ನಿಂತು ಎಂಟು ಸದ್ದು ಎಣಿಸಬೇಕು. ಏಳೇ ಕೇಳಿದರೆ ಸಿಡಿಯದ ಒಂದು ಇನ್ನೂ ಒಳಗಿದೆ ಎಂದರ್ಥ, ಯಾರೂ ಹೋಗಬಾರದು. ಅವರ ತಂದೆಯ ಜೊತೆಯವನೊಬ್ಬ ಏಳನ್ನು ಎಂಟು ಎಂದು ಎಣಿಸಿ ಒಳಗೆ ಹೋದ. ಅವನನ್ನು ಗೋಣಿಚೀಲದಲ್ಲಿ ಮೇಲಕ್ಕೆ ತಂದರು. ಮಾಸ್ಟರ್ ಆಗ ಏಳೆಂಟು ವರ್ಷದವರು, ಆ ಚೀಲವನ್ನು ನೋಡಿದ್ದರಂತೆ.

"ನಾನು ಮ್ಯೂಸಿಕ್ ಕಲ್ತಿದ್ದು ಅವತ್ತು ಮ್ಯಾನ್," ಎನ್ನುತ್ತಿದ್ದರು. "ರಾಗ ಗೀಗ ಆಮೇಲೆ. ಮೊದ್ಲು ಎಣ್ಸೋದು ಕಲಿ."

ಆದರೆ ಅವರು ಪ್ರಸಿದ್ಧರಾಗಿದ್ದದ್ದು ಕಥೆಗಳಿಗೆ. ಎಲ್ಲವೂ ಅಮೆರಿಕದ ಜಾಝ್ ವಾದ್ಯಗಾರರ ಕಥೆಗಳು, ಎಲ್ಲದರಲ್ಲೂ ಹೊಡೆದಾಟ. ಶಿಕಾಗೋದ ಒಂದು ಬಾರಿನಲ್ಲಿ ಪಿಯಾನೋದ ಬೆನ್ನಿಗೆ ಕಬ್ಬಿಣದ ತಗಡು ಬಡಿದಿದ್ದರಂತೆ, ಗುಂಡು ತಾಗದಿರಲೆಂದು. ಒಂದು ದಿನ ಎರಡು ಗುಂಪಿನವರು ಗುಂಡು ಹಾರಿಸಿಕೊಂಡರು. ಎಲ್ಲರೂ ಮೇಜಿನ ಕೆಳಗೆ. ಪಿಯಾನೋದವನು ಮಾತ್ರ ತಲೆ ಬಗ್ಗಿಸಿಕೊಂಡು, ತಾಳದ ಒಂದೊಂದು ಸುತ್ತಿಗೆ ಒಂದೊಂದು ಬಾರ್ ಎಂದು ಎಣಿಸುತ್ತ ನುಡಿಸುತ್ತಲೇ ಇದ್ದ. ಹ್ಯಾಟಿನಲ್ಲಿ ಒಂದು ತೂತು ಬಿತ್ತು, ಕಿವಿಯ ಚೂರು ಹಾರಿತು. ಎಲ್ಲ ಮುಗಿದ ಮೇಲೆ ಬಾರಿನ ಯಜಮಾನ ಕೇಳಿದ, "ಓಡ್ಹೋಗ್ಬಾರ್ದಾಗಿತ್ತಾ?" ಪಿಯಾನೋದವನು ಹೇಳಿದನಂತೆ, "ಹೆಂಗ್ ಹೋಗ್ಲಿ, ಇನ್ನೂ ಎಂಟು ಬಾರ್ ಬಾಕಿ ಇತ್ತು."

ಸ್ಯಾಕ್ಸೋಫೋನಿನ ಅಣ್ಣ ತಮ್ಮಂದಿರ ಕಥೆ ಇನ್ನೊಂದು. ಮೊದಲು ಯಾರು ನುಡಿಸಬೇಕೆಂದು ಜಗಳವಾಗಿ ಚಾಕು ಹಾಕಿಕೊಂಡರು. ಇಬ್ಬರನ್ನೂ ಒಂದೇ ಆಂಬುಲೆನ್ಸಿನಲ್ಲಿ ಮಲಗಿಸಿದರು. ದಾರಿಯಲ್ಲಿ ಸೈರನ್ ಯಾವ ಸ್ವರ ಎಂದು ಅಣ್ಣ ಒಂದು ಹೇಳಿದ, ತಮ್ಮ ಇನ್ನೊಂದು ಹೇಳಿದ. ಹಾಕಿದ್ದ ಹೊಲಿಗೆಗಳೆಲ್ಲ ಬಿಚ್ಚಿಹೋದವು.

ಚಾಕು ಬಂದಾಗ ನಮ್ಮ ಪಕ್ಕೆಗೆ ತಿವಿಯುತ್ತಿದ್ದರು. ಗುಂಡು ಬಂದಾಗ ಬೆನ್ನಿಗೆ ಬಾರಿಸುತ್ತಿದ್ದರು. ಕಥೆ ಮುಗಿಯುವಷ್ಟರಲ್ಲಿ ಕೇಳಿದವನ ಮೈ ಕೆಂಪಾಗಿರುತ್ತಿತ್ತು. "ಎಲ್ಲಾ ಪೊಯ್ಯಿ, ಬರೀ ಸುಳ್ಳು," ಎಂದು ಬಾಯ್ ನನ್ನ ಕಿವಿಯಲ್ಲಿ ಹೇಳುತ್ತಿದ್ದ. "ಈ ಮನುಷ್ಯ ಬಾಂಬೆ ದಾಟಿಲ್ಲ." ನಾನಂತೂ ಎಲ್ಲವನ್ನೂ ನಂಬುತ್ತಿದ್ದೆ. ಅವರ ಮೂಗು ನೋಡಿದರೆ ನಂಬದಿರುವುದು ಕಷ್ಟ.

ಅವರ ಕೈ ಬರೀ ಕಥೆಯಲ್ಲಿ ಏಳುವಂಥದ್ದಾಗಿರಲಿಲ್ಲ. ಒಮ್ಮೆ, ಹೋಟೆಲಿಗೆ ಹುಟ್ಟುಹಬ್ಬದ ಊಟಕ್ಕೆ ಬಂದಿದ್ದ ಒಬ್ಬ ದೊಡ್ಡಮನುಷ್ಯರು ಟ್ರಂಪೆಟ್ಟಿನೊಳಗೆ ಕೋಳಿಯ ಮೂಳೆ ಹಾಕಿದರು. ಮಾಸ್ಟರ್ ಆ ಮನುಷ್ಯರ ತಲೆಯನ್ನು ಹಿಡಿದು ಕೇಕಿನೊಳಗೆ ಒತ್ತಿ, ನಾಲ್ಕು ಎಣಿಸಿ ಬಿಟ್ಟರು. ಇನ್ನೊಮ್ಮೆ ಸಿನಿಮಾ ಹಾಡಿನ ರೆಕಾರ್ಡಿಂಗಿಗೆ ಹೋಗಿದ್ದರು. ಆ ಹೊತ್ತಿಗೆ ಕೀಬೋರ್ಡ್ ಬಂದು ಪಿಟೀಲಿನವರು, ಕೊಳಲಿನವರು ಒಬ್ಬೊಬ್ಬರಾಗಿ ಮನೆಗೆ ಹೋಗುತ್ತಿದ್ದರು. ಮೂಲೆಯಲ್ಲಿದ್ದ ಕೀಬೋರ್ಡಿನಲ್ಲಿ ಟ್ರಂಪೆಟ್ ಎಂದು ಬರೆದಿದ್ದ ಗುಂಡಿಯನ್ನು ಮಾಸ್ಟರ್ ಒತ್ತಿದರು. ಒಂದು ಸ್ವರ ಕೇಳಿದರು, ಇನ್ನೊಂದು ಕೇಳಿದರು. ಆಮೇಲೆ ನೊಟೇಶನ್ ಇಡುವ ಕಬ್ಬಿಣದ ಸ್ಟ್ಯಾಂಡನ್ನು ಮಡಿಸಿ, ಎರಡೂ ಕೈಯಲ್ಲಿ ಎತ್ತಿ ಕೀಬೋರ್ಡಿಗೆ ಬಡಿದರು. ಅದರ ಬಿಳಿ ಕೀಗಳು ಹಲ್ಲು ಉದುರಿದ ಹಾಗೆ ನೆಲದ ತುಂಬ ಬಿದ್ದವಂತೆ. ಎರಡು ವರ್ಷ ಅವರನ್ನು ಯಾವ ಸ್ಟುಡಿಯೋದವರೂ ಕರೆಯಲಿಲ್ಲ.

ನನ್ನ ತಪ್ಪಿಗೆ ಬರುತ್ತೇನೆ.

ಜಾಝ್‌ನಲ್ಲಿ ಒಂದು ಪದ್ಧತಿ ಇದೆ. ಹಾಡಿನ ಕೊನೆಯ ಹತ್ತಿರ ಟ್ರಂಪೆಟ್ಟಿನವನು ನಾಲ್ಕು ಬಾರ್ ನುಡಿಸಿ ಬಿಡುತ್ತಾನೆ. ಮುಂದಿನ ನಾಲ್ಕು ಡ್ರಮ್ಮರನದು. ಮತ್ತೆ ಅವನ ನಾಲ್ಕು, ಇವನ ನಾಲ್ಕು, ಇಬ್ಬರು ಎದುರು ಬದುರು ಕೂತು ಮಾತಾಡಿದ ಹಾಗೆ. ನಾಲ್ಕು ಎಂದರೆ ನಾಲ್ಕೇ. ನನ್ನ ಕೈಯಲ್ಲಿ ಮೃದಂಗ ಕೂತಿತ್ತು. ಮೃದಂಗದವನು ಮುಗಿಸುವಾಗ ತೀರ್ಮಾನ ನುಡಿಸುತ್ತಾನೆ, ಒಂದೇ ಸೊಲ್ಲುಕಟ್ಟನ್ನು ಮೂರು ಸಲ, ಮೂರನೆಯದು ಸರಿಯಾಗಿ ಸಮಕ್ಕೆ, ಎಂದರೆ ತಾಳದ ಮೊದಲ ಏಟಿಗೆ, ಬಂದು ಬೀಳುವ ಹಾಗೆ. ಆರಂಭಿಸಿದರೆ ಮೂರು ಆಗಲೇಬೇಕು. ಎರಡಕ್ಕೆ ನಿಲ್ಲಿಸುವುದೆಂದರೆ ಎಂಜಲು ಕೈಯಲ್ಲಿ ಪಂಕ್ತಿಯಿಂದ ಎಬ್ಬಿಸಿದಂತೆ. ನನಗೆ ಹುರುಪು ಬಂದಾಗಲೆಲ್ಲ ನಾಲ್ಕು ಬಾರಿನೊಳಗೆ ತೀರ್ಮಾನ ಹಾಕಲು ಹೋಗುತ್ತಿದ್ದೆ. ಮೂರನೆಯದು ಮಾಸ್ಟರರ ನಾಲ್ಕರೊಳಗೆ ನುಗ್ಗುತ್ತಿತ್ತು.

"ರಾಯರ್, ನಿನ್ ನಾಲ್ಕು ನಿಂದು. ನನ್ ನಾಲ್ಕು ನಂದು. ನನ್ ಮನೆಗ್ಯಾಕೆ ಕೈ ಹಾಕ್ತೀಯ?"

"ಸಮಕ್ಕೇ ಬಂದೆನಲ್ಲಾ ಮಾಸ್ಟರ್. ಲೆಕ್ಕ ಸರಿಯಾಗೇ ಇದೆ."

"ನಿನ್ ಲೆಕ್ಕ! ಎಂಟ್ ಬತ್ತಿಗೆ ಒಂಬತ್ ಸದ್ದು ಬಂದ್ರೆ ಅದು ಲೆಕ್ಕಾನಾ?"

ಪ್ರತಿ ಶನಿವಾರ ಇದೇ. ನಾನು ಮಿತಿ ಮೀರಿದಾಗಲೆಲ್ಲ ಅವರು ಹತ್ತಿರ ಬಂದು ಟ್ರಂಪೆಟ್ಟಿನ ಅಗಲ ಬಾಯಿಯನ್ನು ನನ್ನ ಮುಖಕ್ಕೆ ಹಿಡಿದು ಊದುತ್ತಿದ್ದರು. ಬಾಯ್ ನಗುತ್ತಿದ್ದ. ನಾನು ನಗುತ್ತಿರಲಿಲ್ಲ. ನಾನು ಜೋರಾಗಿ ಮಾತಾಡಿದವನಲ್ಲ. ಆಫೀಸಿನಲ್ಲಿ ನನ್ನ ಬಡ್ತಿಯನ್ನು ಎರಡು ಸಲ ಬೇರೆಯವರಿಗೆ ಕೊಟ್ಟಾಗಲೂ ತುಟಿ ಬಿಚ್ಚಲಿಲ್ಲ. ಎಲ್ಲ ಒಳಗೇ ಕೂಡುತ್ತಿತ್ತು.

ಆ ಶನಿವಾರ ಅವರು ತುಂಬ ಖುಷಿಯಲ್ಲಿದ್ದರು. ಎರಡು ವರ್ಷದ ಮೇಲೆ ಒಬ್ಬ ಸಂಗೀತ ನಿರ್ದೇಶಕರು ಅವರನ್ನೇ ಬೇಕೆಂದು ಕರೆಸಿದ್ದರು. ಒಂದು ಹಾಡಿನ ನಡುವೆ ಟ್ರಂಪೆಟ್ ಒಂದೇ ನುಡಿಯುವ ಭಾಗ. ರೆಕಾರ್ಡಿಂಗ್ ಸೋಮವಾರ. ಆಂಟಿ, ಎಂದರೆ ಅವರ ಹೆಂಡತಿ, ನಮಗೆಲ್ಲ ಕಟ್ಲೆಟ್ ಕಳಿಸಿದ್ದರು. ನನಗೆ ಬೇರೆ ಡಬ್ಬಿಯಲ್ಲಿ ಬಿಸ್ಕತ್ತು. "ಇವನಿಗೆ ತೈರ್ ಸಾದಂ ಇದ್ರೆ ಸಾಕು, ಡ್ರಮ್ ಒಳಗೇ ಡಬ್ಬಿ ಇಟ್ಕೊಂಡಿದಾನೆ," ಎಂದು ಮಾಸ್ಟರ್ ಬೆನ್ನಿಗೆ ಹೊಡೆದರು. ನನ್ನ ಮೊಸರನ್ನದ ಡಬ್ಬಿ ಯಾವಾಗಲೂ ದೊಡ್ಡ ಡ್ರಮ್ಮಿನ ಪಕ್ಕದಲ್ಲೇ ಇರುತ್ತಿತ್ತು, ಅದು ನಿಜ.

ನಾಲ್ಕು ನಾಲ್ಕು ಶುರುವಾಯಿತು. ನಾನು ತೀರ್ಮಾನಕ್ಕೆ ಇಳಿದೆ. ಒಂದು ಮುಗಿಯಿತು, ಎರಡು ಮುಗಿಯಿತು. ಅವರು ಎದುರಿಗೆ ಬಂದು ಬಗ್ಗಿ, ನನ್ನ ಮೂಗಿಗೆ ಎರಡು ಬೆರಳು ದೂರದಲ್ಲಿ ಟ್ರಂಪೆಟ್ ಹಿಡಿದು ಊದಿದರು. ಮೂರನೆಯದು ನುಡಿಸಲು ಬಿಡಲಿಲ್ಲ.

ತಳ್ಳಿದೆ ಎಂದು ನನಗೆ ನಾನೇ ಹೇಳಿಕೊಂಡು ಬಹಳ ದಿನ ಬದುಕಿದೆ. ತಳ್ಳಲಿಲ್ಲ, ಹೊಡೆದೆ. ಎದ್ದು ನಿಂತು, ಬಲಗೈಯ ಅಂಗೈಯನ್ನು ಅಗಲ ಮಾಡಿ, ಟ್ರಂಪೆಟ್ಟಿನ ಬಾಯಿಗೆ ಇಡೀ ಮೈಯ ಭಾರ ಹಾಕಿ ಹೊಡೆದೆ. ಆ ಕಡೆಯ ತುದಿ ಅವರ ತುಟಿಗೆ ಒತ್ತಿಕೊಂಡಿತ್ತು. ಹಿತ್ತಾಳೆ ಒಳಕ್ಕೆ ಹೋದ ಸದ್ದು ಕೇಳಿತು. ಒಣಗಿದ ತೆಂಗಿನ ಚಿಪ್ಪನ್ನು ಕಾಲಿನಿಂದ ಮೆಟ್ಟಿದ ಹಾಗಿತ್ತು. ಅವರು ಕೂತುಬಿಟ್ಟರು. ಮೇಲಿನ ತುಟಿ ಎರಡಾಗಿ ಸೀಳಿತ್ತು. ರಕ್ತ ಅಂಗಿಯ ಮೇಲೆ ಬರಲಿಲ್ಲ, ಟ್ರಂಪೆಟ್ಟಿನೊಳಗೆ ಹೋಯಿತು, ಆಮೇಲೆ ಅದರ ಬಾಯಿಂದ ಸುರಿಯಿತು.

ಇಷ್ಟಾದರೂ ನನ್ನ ಸಿಟ್ಟು ಇಳಿದಿರಲಿಲ್ಲ. ಇದನ್ನೂ ಬರೆಯಬೇಕು. ಅವರು ನೆಲ ತಡವುತ್ತಿದ್ದಾಗ, ನಾನು ನಿಂತುಕೊಂಡು, "ಮೂರು ಆಗಬೇಕು, ಮೂರು!" ಎಂದು ಕೂಗುತ್ತಿದ್ದೆ. ಬಾಯ್ ನನ್ನ ಕಪಾಳಕ್ಕೆ ಹೊಡೆದ ಮೇಲೆ ನಿಲ್ಲಿಸಿದೆ.

ಮಾಸ್ಟರ್ ಏನೂ ಬೈಯಲಿಲ್ಲ. ಒಂದು ಹಲ್ಲು ಸಿಕ್ಕಿತು, ಇನ್ನೊಂದಕ್ಕೆ ಹುಡುಕುತ್ತಿದ್ದರು. "ಅಮ್ಮಾ," ಎಂದರು, ಸಣ್ಣ ದನಿಯಲ್ಲಿ. ಮತ್ತೆ ಇನ್ನೊಂದು ಸಲ, "ಅಮ್ಮಾ." ಅಷ್ಟೇ.

ಆಟೋದಲ್ಲಿ ಕರೆದುಕೊಂಡು ಹೋದೆವು. ಆಸ್ಪತ್ರೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದಾಗ ನಾನು ಬಾಯಿ ತೆರೆದೆ. ಮಾಸ್ಟರ್ ನನ್ನ ಮಣಿಕಟ್ಟನ್ನು ಹಿಡಿದು ತಿರುಚಿದರು, ಎಲುಬು ನೋಯುವ ಹಾಗೆ. ಒಂದು ಚೀಟಿಯ ಮೇಲೆ ತಾವೇ ಬರೆದುಕೊಟ್ಟರು, ಲಾಡ್ಜಿನ ಮೆಟ್ಟಿಲಿನಿಂದ ಬಿದ್ದೆ ಎಂದು. ಆಂಟಿಗೂ ಅದನ್ನೇ ಹೇಳಿದರು.

ಸೋಮವಾರದ ರೆಕಾರ್ಡಿಂಗಿನಲ್ಲಿ ಆ ಭಾಗವನ್ನು ಕೀಬೋರ್ಡಿನಲ್ಲಿ ಬಾರಿಸಿದರು. ಹಾಡು ಜನಕ್ಕೆ ಹಿಡಿಸಿತು. ಮಾಂಬಲಂ ಸ್ಟೇಷನ್ನಿನ ಬಳಿಯ ಟೀ ಅಂಗಡಿಗಳಲ್ಲಿ ಆರು ತಿಂಗಳು ಅದೇ. ಬೆಳಿಗ್ಗೆ ರೈಲಿಗೆ ಹೋಗುವಾಗ ಆ ಜಾಗ ಬರುವ ಮೊದಲೇ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ನಾನು ಸ್ಟಿಕ್ಕುಗಳನ್ನು ಮುರಿದು ಒಲೆಗೆ ಹಾಕಿದೆ. ವೇಪೇರಿಯ ಅವರ ಮನೆಗೆ ಎರಡು ಸಲ ಹೋಗಿ ಗೇಟಿನಿಂದಲೇ ವಾಪಸು ಬಂದೆ.

ಆರೇಳು ತಿಂಗಳ ಮೇಲೆ ಒಂದು ಬೆಳಿಗ್ಗೆ ನಮ್ಮ ಬೀದಿಯಲ್ಲಿ ಯಾರೋ ಕೂಗಿದರು.

"ರಾಯರ್! ಲೇ ರಾಯರ್! ಕೆಳಗ್ ಬಾ ಮ್ಯಾನ್!"

ಬಾಲ್ಕನಿಯಿಂದ ನೋಡಿದ ನನ್ನ ತಾಯಿ ಹೆದರಿದರು. "ಯಾರೋ ರೌಡಿ ಥರ ಇದಾನೆ ಕಣೋ. ಹೋಗ್ಬೇಡ." ನಾನು ಹೋದೆ. ಹೊಡೆಯಲು ಬಂದಿದ್ದಾರೆ, ಹೊಡೆಯಲಿ ಎಂದುಕೊಂಡೇ ಹೋದೆ. ಅವರು ಬಾಯಿ ಅಗಲಿಸಿ ಕಟ್ಟಿಸಿದ ಹಲ್ಲುಗಳನ್ನು ತೋರಿಸಿದರು. ನಾಲಿಗೆಯಿಂದ ಪ್ಲೇಟನ್ನು ತಳ್ಳಿ ಹೊರಕ್ಕೆ ತೆಗೆದು ಮತ್ತೆ ಒಳಗೆ ಹಾಕಿದರು.

"ಮೇಲಿನ ಸ್ವರ ಬರಲ್ಲ. ಕೆಳಗಿಂದು ಬರುತ್ತೆ. ಸಂಡೆ ಹೋಟೆಲಲ್ಲಿ ಅಷ್ಟು ಸಾಕು. ನಿನ್ ಜಾಗ್ದಲ್ಲಿ ಒಬ್ಬ ಕೂತಿದಾನೆ, ಅವನು ಕೈಯಲ್ಲಿ ಅಲ್ಲ, ಮೊಣಕೈಯಲ್ಲಿ ಹೊಡೀತಾನೆ. ನೀನ್ ಬಾ."

"ಮಾಸ್ಟರ್, ನಾನು ಅವತ್ತು..."

ಮಾತು ಮುಗಿಸಲು ಬಿಡಲಿಲ್ಲ. ಹೊಟ್ಟೆಗೆ ಒಂದು ಗುದ್ದಿದರು. ನಾನು ಬಗ್ಗಿದೆ. "ಅವತ್ತು ಗಿವತ್ತು ಇಲ್ಲ. ನಾನೊಂದ್ ಕಥೆ ಮಾಡಿದೀನಿ. ನೀನ್ ಬರೀ ಕೊನೇಲಿ ಡ್ರಮ್ ಹೊಡಿ."

ಮುಂದಿನ ಭಾನುವಾರ ನಾನು ಹೋಟೆಲಿನಲ್ಲಿ ಡ್ರಮ್ಸಿನ ಹಿಂದೆ ಕೂತಿದ್ದೆ. ಎರಡು ಹಾಡಾದ ಮೇಲೆ ಮಾಸ್ಟರ್ ಮೈಕ್ ಹಿಡಿದು ಊಟ ಮಾಡುತ್ತಿದ್ದವರಿಗೆ ಹೊಸ ಕಥೆ ಹೇಳಿದರು. ಇಂಗ್ಲಿಷಿನಲ್ಲಿ ಹೇಳಿದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕ್ಯಾನ್ಸಾಸ್ ಸಿಟಿಯಲ್ಲಿ ಒಬ್ಬ ಡ್ರಮ್ಮರ್ ಇದ್ದ. ಕುಡಿಯುವುದಿಲ್ಲ, ಸೇದುವುದಿಲ್ಲ, ಶುದ್ಧ ಸಸ್ಯಾಹಾರಿ. ಮೊಸರನ್ನದ ಡಬ್ಬಿಯನ್ನು ಡ್ರಮ್ಮಿನ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದ. ಆ ಊರಿನಲ್ಲಿ ಎಲ್ಲರ ಜೇಬಿನಲ್ಲೂ ಪಿಸ್ತೂಲು ಇತ್ತು, ಆದರೂ ಎಲ್ಲರೂ ಹೆದರುತ್ತಿದ್ದದ್ದು ಇವನಿಗೆ. ಒಂದು ದಿನ ಟ್ರಂಪೆಟ್ಟಿನವನು ಇವನ ನಾಲ್ಕು ಬಾರಿನೊಳಗೆ ತಲೆ ಹಾಕಿದ. ಇವನು ಎದ್ದವನೇ ಟ್ರಂಪೆಟ್ಟನ್ನು ಅವನ ಗಂಟಲಿಗೆ ಇಳಿಸಿದ. ಟ್ರಂಪೆಟ್ಟಿನವನು ಎರಡು ಹಲ್ಲನ್ನು ಡ್ರಮ್ಮಿನ ಮೇಲೆ ಉಗಿದು, ಬಾಯಿ ಒರೆಸಿಕೊಂಡು ಹೇಳಿದ, "ಹೊಡ್ದಿದ್ದಕ್ಕೆ ಬೇಜಾರಿಲ್ಲ. ಆದ್ರೆ ಒಂದೂವರೆ ಬೀಟ್ ಲೇಟು."

ಹೇಳಿ ನನ್ನ ಕಡೆ ತಿರುಗಿದರು. ನಾನು ಡ್ರಮ್ ಹೊಡೆಯಬೇಕಿತ್ತು. ಕೈ ಏಳಲಿಲ್ಲ. ಎದ್ದಾಗ ನಿಜಕ್ಕೂ ಒಂದೂವರೆ ಬೀಟ್ ತಡವಾಗಿತ್ತು. ಜನ ಬಿದ್ದು ಬಿದ್ದು ನಕ್ಕರು.

ಆಮೇಲೆ ಪ್ರತಿ ಭಾನುವಾರ ಇದೇ ನಡೆಯಿತು. ಅವರು ನನಗೆ ಕೊಟ್ಟ ಶಿಕ್ಷೆ ಎಂದರೆ ಇದೊಂದೇ. ಕಥೆ ಬೆಳೆಯಿತು. ಟ್ರಂಪೆಟ್ಟಿನವನ ಹಲ್ಲು ಎರಡರಿಂದ ಆರಾಯಿತು. ಬೇರೆ ಬ್ಯಾಂಡಿನವರು ಅದನ್ನು ಹೇಳತೊಡಗಿದರು. ಬೆಂಗಳೂರಿನಿಂದ ಬಂದಿದ್ದ ಗಿಟಾರಿನವನೊಬ್ಬ ನನಗೇ ಆ ಕಥೆ ಹೇಳಿದ, ಅದನ್ನು ಯಾವುದೋ ಅಮೆರಿಕದ ಪುಸ್ತಕದಲ್ಲಿ ಓದಿದ್ದಾಗಿ. ನನ್ನ ಲೆಕ್ಕದಲ್ಲಿ ನಿಜ ಗೊತ್ತಿದ್ದವರು ಮೂವರು, ಮಾಸ್ಟರ್, ಬಾಯ್ ಮತ್ತು ನಾನು. ಆಂಟಿಗೆ ಹೇಳಬೇಕೆಂದು ಪ್ರತಿ ಕ್ರಿಸ್‌ಮಸ್ಸಿಗೆ ಅವರ ಮನೆಗೆ ಹೋದಾಗಲೂ ಅಂದುಕೊಳ್ಳುತ್ತಿದ್ದೆ. ಅವರು ನನಗೆ ಬೇರೆ ತಟ್ಟೆಯಲ್ಲಿ ಬಿಸ್ಕತ್ತು ಕೊಡುತ್ತಿದ್ದರು. ತಿಂದು ಬರುತ್ತಿದ್ದೆ.

ಮಾಸ್ಟರ್ ಸತ್ತದ್ದು ಹೃದಯಾಘಾತದಿಂದ, ಬೆಳಗಿನ ಕಾಫಿಯ ಹೊತ್ತಿಗೆ. ಶವಪೆಟ್ಟಿಗೆ ಹೊರುವಾಗ ನಾನು ಬಲಗೈ ಕೊಡಲಿಲ್ಲ, ಎಡಗೈಯಲ್ಲೇ ಹಿಡಿದೆ. ಯಾರೂ ಗಮನಿಸಲಿಲ್ಲ.

ಒಂದು ವಾರದ ಮೇಲೆ ವೇಪೇರಿಯ ಮನೆಯಲ್ಲಿ ಪ್ರಾರ್ಥನೆ ಇತ್ತು. ಪ್ರಾರ್ಥನೆ ಮುಗಿದು ಟೀ ಬಂತು. ಮೂವತ್ತು ಜನ ವಾದ್ಯದವರು ನಡುಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದರು. ಒಬ್ಬೊಬ್ಬರಾಗಿ ಮಾಸ್ಟರರ ಕಥೆಗಳನ್ನು ಹೇಳಿದರು. ಕೇಕಿನಲ್ಲಿ ತಲೆ, ಮುರಿದ ಕೀಬೋರ್ಡ್, ಕಬ್ಬಿಣದ ಪಿಯಾನೋ. ಜನ ಅಳುತ್ತಾ ನಗುತ್ತಿದ್ದರು. ಕೊನೆಗೆ ಒಬ್ಬ ಕೀಬೋರ್ಡಿನವನು ಎದ್ದು, "ಕ್ಯಾನ್ಸಾಸ್ ಸಿಟಿ ಯಾರು ಹೇಳ್ತೀರಾ?" ಎಂದ.

ನಾನು ಎದ್ದು ನಿಂತೆ. ಸಭೆಯಲ್ಲಿ ಎದ್ದು ಮಾತಾಡಿದ್ದು ಅದೇ ಮೊದಲು.

"ಅದು ಕ್ಯಾನ್ಸಾಸ್ ಸಿಟಿ ಅಲ್ಲ," ಎಂದೆ. "ತ್ರಿಪ್ಲಿಕೇನ್." ತಮಿಳಿನಲ್ಲಿ ಎಲ್ಲವನ್ನೂ ಹೇಳಿದೆ. ಲಾಡ್ಜು, ತೀರ್ಮಾನ, ನನ್ನ ಅಂಗೈ, ಟ್ರಂಪೆಟ್ಟಿನಿಂದ ಸುರಿದ ರಕ್ತ. ನೆಲ ತಡವುತ್ತಿದ್ದವರ ಮುಂದೆ ನಿಂತು ನಾನು ಕೂಗಿದ್ದು. ಬಾಯ್ ತಲೆ ತಗ್ಗಿಸಿ ಕೂತಿದ್ದ. ಮೊದಲು ಒಂದಿಬ್ಬರು ನಕ್ಕರು, ಹೊಸ ರೀತಿಯಲ್ಲಿ ಹೇಳುತ್ತಿದ್ದಾನೆ ಎಂದುಕೊಂಡು. ಆಮೇಲೆ ಯಾರೂ ನಗಲಿಲ್ಲ. ಹಿಂದಿನ ಸಾಲಿನ ಒಬ್ಬ ಸ್ಯಾಕ್ಸೋಫೋನಿನವನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಅವನ ಮುಷ್ಟಿ ಬಿಗಿದಿತ್ತು. ನಾನು ಅವನನ್ನೇ ನೋಡುತ್ತಾ ನಿಂತೆ.

ಕೀಬೋರ್ಡಿನವನು ಮೆಲ್ಲಗೆ ಕೇಳಿದ, "ಸಾರ್, ಆಗ ಮಾಸ್ಟರ್ ಏನಂದ್ರು?"

ಎಲ್ಲರೂ ಕಾಯುತ್ತಿದ್ದರು. ನನಗೆ ಕೇಳಿಸಿದ್ದು ಆ ಸಣ್ಣ ದನಿಯ ಎರಡು ಕೂಗು. ಅದನ್ನು ಬಾಯಿಗೆ ತರಲು ನೋಡಿದೆ. ಆಗಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಂಟಿ ಹೇಳಿದರು, "ಹೊಡ್ದಿದ್ದಕ್ಕೆ ಬೇಜಾರಿಲ್ಲ. ಆದ್ರೆ ಒಂದೂವರೆ ಬೀಟ್ ಲೇಟು."

ಅಭ್ಯಾಸಬಲ. ನನ್ನ ಬೆರಳುಗಳು ಮುಂದಿನ ಕುರ್ಚಿಯ ಬೆನ್ನಿಗೆ ಬಾರಿಸಿದವು. ನಡುಮನೆಯಲ್ಲಿ ಒಮ್ಮೆಲೇ ನಗು ಸಿಡಿಯಿತು. ಎದ್ದಿದ್ದ ಸ್ಯಾಕ್ಸೋಫೋನಿನವನು ಏನು ಮಾಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು ಕೂತುಕೊಂಡ. ಬಾಯ್ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಆಂಟಿ ಒಳಗೆ ಹೋದರು. ನಾನು ಹಿಂದೆಯೇ ಹೋದೆ.

"ಆಂಟಿ, ನಾನ್ ಹೇಳಿದ್ದು ನಿಜ. ಅವರು ಮೆಟ್ಟಿಲಿಂದ ಬೀಳ್ಲಿಲ್ಲ."

ಅವರು ಬೆನ್ನು ಮಾಡಿಕೊಂಡು ಲೋಟ ತೊಳೆಯುತ್ತಿದ್ದರು. "ಗೊತ್ತು."

"ಯಾವಾಗಿಂದ?"

"ನೀನು ವಾಪಸ್ ಬಂದ ಮೊದಲ್ನೇ ಸಂಡೆ ಹೋಟೆಲಿಗೆ ಬಂದಿದ್ದೆ ನಾನು. ಹಿಂದಿನ ಟೇಬಲ್ಲು." ಲೋಟವನ್ನು ಬೋರಲು ಹಾಕಿದರು. "ಕ್ಯಾನ್ಸಾಸ್ ಸಿಟೀಲಿ ಮೊಸರನ್ನ ತಿನ್ನೋ ಡ್ರಮ್ಮರು ಎಷ್ಟು ಜನ ಇರ್ತಾರೆ ರಾಯರ್?"

ನಾನು ಪಕ್ಕಕ್ಕೆ ಹೋಗಿ ಒಂದು ಲೋಟ ಎತ್ತಿ ಒರೆಸತೊಡಗಿದೆ.

"ಆರ್ ತಿಂಗ್ಳು ನಿನ್ನ ಸಾಯಿಸ್ಬೇಕು ಅಂತಿದ್ದೆ," ಎಂದರು. "ಪ್ರತಿ ಕ್ರಿಸ್‌ಮಸ್ಸಿಗೆ ಬಂದು ಬಾಯಿ ತೆಗೀದೇ ಹೋಗ್ತಿದ್ಯಲ್ಲ, ಆಗ್ಲೂ. ಇವತ್ತು ನೀನು ಎದ್ದಾಗ ಕೈಯಲ್ಲಿ ಬಿಸಿ ಕೆಟಲ್ ಇತ್ತು."

ಅವರು ಮೇಲಿನ ಕಪಾಟಿನಿಂದ ಒಂದು ತಟ್ಟೆ ಇಳಿಸಿದರು. ಮೇಲೆ ಇನ್ನೊಂದು ತಟ್ಟೆ ಮುಚ್ಚಿತ್ತು. ಒಳಗೆ ಆರು ಬಿಸ್ಕತ್ತು.

"ಹೊರಗೆ ಕಟ್ಲೆಟ್ಟು ಇದೆ, ಮುಟ್ಬೇಡ. ಮಟನ್ನು. ನಿಂದು ಇದು."